ಒಂದು ನಿವೇಶನ, ಒಂದೂವರೆ ಮನೆ



ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಸ್ಯಾನ್ ಹೊಸೆಯಿಂದ ನಮ್ಮ ಭಾವನ ಫೋನು. ಮಗನ ಮನೆಯ ಹಿತ್ತಲಲ್ಲಿ ಒಂದು ಪುಟ್ಟ ಮನೆ ಕಟ್ಟಿಸುತ್ತಿದ್ದಾರಂತೆ. ಒಂದು ರೂಮು, ಒಂದು ಅಡುಗೆಮನೆ, ಒಂದು ಬಚ್ಚಲು. ಮುಂದೆ ಮಗ, ಸೊಸೆ, ಮೊಮ್ಮಕ್ಕಳು, ಹಿಂದೆ ಅಕ್ಕ-ಭಾವ. ಕ್ಯಾಲಿಫೋರ್ನಿಯಾದ ಎಷ್ಟೋ ಬಡಾವಣೆಗಳಲ್ಲಿ ದಶಕಗಳ ಕಾಲ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ನಿಯಮವಿತ್ತು. ಮನೆಗಳ ಅಭಾವ ತಡೆಯಲಾರದೆ 2017ರಿಂದ ಅಲ್ಲಿನ ರಾಜ್ಯ ಸರ್ಕಾರ ಹಂತಹಂತವಾಗಿ ಕಾನೂನು ಸಡಿಲಿಸಿ ಹಿತ್ತಲ ಮನೆಗೆ ದಾರಿ ಮಾಡಿಕೊಟ್ಟಿದೆ. ಭಾವ ಇದನ್ನೆಲ್ಲ ಯಾವುದೋ ಹೊಸ ಆವಿಷ್ಕಾರದ ಹಾಗೆ ವಿವರಿಸುತ್ತಿದ್ದರು.

"ಭಾವ, ಇದು ನಮ್ಮ ಔಟ್‌ಹೌಸು ಅಲ್ವಾ?" ಅಂದೆ.

"ಅಯ್ಯೋ, ಆ ಮಾತು ಇಲ್ಲಿ ಆಡಬೇಡ ಮಾರಾಯ! ಪಕ್ಕದ ಮನೆಯವನ ಹತ್ತಿರ 'ಔಟ್‌ಹೌಸಿನಲ್ಲಿ ಇರ್ತೀವಿ' ಅಂತ ಹೇಳಿಬಿಟ್ಟು ಆತ ಬಿದ್ದು ಬಿದ್ದು ನಕ್ಕ. ಇವರ ಭಾಷೆಯಲ್ಲಿ ಔಟ್‌ಹೌಸ್ ಅಂದರೆ ಹಿತ್ತಲಿನ ಕಕ್ಕಸು!"

ನಗು ಮುಗಿದ ಮೇಲೂ ಆ ಮಾತು ತಲೆಯಲ್ಲಿ ಉಳಿಯಿತು. ಯಾಕೆಂದರೆ ಬೆಂಗಳೂರಿನ ಔಟ್‌ಹೌಸಿಗೂ ಹಿತ್ತಲಿನ ಕಕ್ಕಸಿಗೂ ನಿಜಕ್ಕೂ ಒಂದು ನಂಟಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಕೇಳುಗರೆ, ನಿಮ್ಮಲ್ಲಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗೆ ಬಂದು ನೆಲೆಸುವ ಮುಂಚೆ ಬೆಂಗಳೂರಿನಲ್ಲಿ ನಾಲ್ಕು ವರ್ಷ ಓದಿದವರು, ಕೆಲಸ ಹುಡುಕಿದವರು ಬೇಕಾದಷ್ಟು ಮಂದಿ ಇದ್ದೀರಿ. ಅಲ್ಲಿ ಎಲ್ಲಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಯಾರದೋ ಮನೆಯ ಪಕ್ಕದ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು, ಬಾವಿಕಟ್ಟೆ ದಾಟಿ, ತೆಂಗಿನ ಮರದ ಬುಡದಲ್ಲಿ ಬಲಕ್ಕೆ ತಿರುಗಿದರೆ ಒಂದು ಹಸಿರು ಬಾಗಿಲು. ಒಳಗೆ ಕೆಂಪು ಸಿಮೆಂಟಿನ ನೆಲ. ಮೇಲೆ ಮಂಗಳೂರು ಹೆಂಚೋ, ಕಲ್ನಾರಿನ ಶೀಟೋ. ಮನೆಯ ಯಜಮಾನರು ನಿಮ್ಮನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ. ನೀವು 'ಹಿಂದಿನ ಮನೆಯವರು'. ಬೆಂಗಳೂರಿಗೆ ಬಂದವರಲ್ಲಿ ಲೆಕ್ಕವಿಲ್ಲದಷ್ಟು ಜನ ಹೀಗೆ ಹಿಂದಿನ ಮನೆಯವರಾಗಿಯೇ ಆ ಊರಿನ ಬದುಕು ಶುರು ಮಾಡಿದರು. ಆದರೆ ಆ ಊರಿನ ಚರಿತ್ರೆ ಬರೆದವರು ಕೆರೆ, ಕೋಟೆ, ಬಂಗಲೆ, ಕಾರ್ಖಾನೆಗಳ ಬಗ್ಗೆ ಬರೆದಷ್ಟು ಈ ಹಿತ್ತಲ ಮನೆಯ ಬಗ್ಗೆ ಬರೆದಿಲ್ಲ.

ಕಾರಣ ಇದೆ. ಕಾಗದದ ಮೇಲೆ ಅದು ಇರಲೇ ಇಲ್ಲ.

ಇದು ನನಗೆ ಗೊತ್ತಾದದ್ದು 2011ರಲ್ಲಿ, ಅಪ್ಪ ತೀರಿಕೊಂಡ ಮೇಲೆ. ಟ್ರಂಕಿನಲ್ಲಿದ್ದ ಜಯನಗರದ ಮನೆಯ ಪತ್ರಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಸಿ.ಐ.ಟಿ.ಬಿ.ಯವರು, ಅಂದರೆ 1945ರಲ್ಲಿ ಶುರುವಾಗಿ 1976ರಲ್ಲಿ ಬಿ.ಡಿ.ಎ. ಆಗಿ ಬದಲಾದ ಸಂಸ್ಥೆಯವರು, ಅಪ್ಪನಿಗೆ 40 ಅಡಿಗೆ 60 ಅಡಿಯ ನಿವೇಶನ ಕೊಟ್ಟಾಗಿನ ಕರಾರು ಪತ್ರ ಅದರಲ್ಲಿತ್ತು. ಷರತ್ತುಗಳ ನಡುವೆ ಒಂದು ಸಾಲು: ನಿವೇಶನವನ್ನು ಭಾಗ ಮಾಡಬಾರದು, ಅದರಲ್ಲಿ ಒಂದಕ್ಕಿಂತ ಹೆಚ್ಚು ವಾಸದ ಮನೆ ಕಟ್ಟಬಾರದು. ಕೆಳಗೆ ಅಪ್ಪನ ರುಜು. ಎಷ್ಟು ಅಚ್ಚುಕಟ್ಟಾದ ರುಜು ಅಂತೀರಿ! ಕಿಟಕಿಯಿಂದ ಹೊರಗೆ ನೋಡಿದೆ. 1980ರಲ್ಲಿ ಅದೇ ಅಪ್ಪ ಕಟ್ಟಿಸಿದ ಔಟ್‌ಹೌಸಿನ ಮುಂದೆ ಹಿಂದಿನ ಮನೆಯವರ ಬಟ್ಟೆ ಒಣಗುತ್ತಿತ್ತು.

ಜೀವಮಾನದಲ್ಲಿ ಒಂದು ಬಸ್ ಟಿಕೆಟ್ಟಿಗೂ ಮೋಸ ಮಾಡದ ಮನುಷ್ಯ ಅವರು. ಅಕ್ಕಪಕ್ಕದ ಮನೆಯವರೂ ಅಂಥವರೇ. ನಮ್ಮ ರಸ್ತೆಯಲ್ಲಿ ಎರಡು ಮನೆ ಬಿಟ್ಟು ಒಂದು ಮನೆಯ ಹಿಂದೆ ಇಂಥದ್ದೇ ಒಂದು ಪುಟ್ಟ ಮನೆಯಿತ್ತು. ಇಷ್ಟೊಂದು ಸಭ್ಯಸ್ಥರು ಸೇರಿ ಇಷ್ಟು ಸಲೀಸಾಗಿ ಒಂದು ಷರತ್ತನ್ನು ಮುರಿದದ್ದು ಹೇಗೆ? ಇದಕ್ಕೆ ಉತ್ತರ ಹುಡುಕಬೇಕಾದರೆ ನೂರಾರು ವರ್ಷ ಹಿಂದಕ್ಕೆ ಹೋಗಬೇಕು.

ಹಳೆಯ ಬೆಂಗಳೂರು ಪೇಟೆಯಲ್ಲಿ ಔಟ್‌ಹೌಸ್ ಅನ್ನುವುದಕ್ಕೆ ಜಾಗವೇ ಇರಲಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳು. ಬಾಡಿಗೆಗೆ ಇರುವವರಿಗೆ ವಠಾರ. ಒಂದು ಅಂಗಳದ ಸುತ್ತ ಸಾಲು ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ವಠಾರ ಬಾಡಿಗೆಗೆಂದೇ ಕಟ್ಟಿದ್ದು; ಮಾಲೀಕ ಅಲ್ಲೇ ಇರಬೇಕು ಅಂತೇನಿಲ್ಲ. ಔಟ್‌ಹೌಸ್ ಅನ್ನುವ ಮಾತು ಬಂದದ್ದು ಊರಿನ ಇನ್ನೊಂದು ಕಡೆಯಿಂದ. 1809ರ ಸುಮಾರಿಗೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂದು ದಂಡು ಕಟ್ಟಿಕೊಂಡಿತು. ದಂಡಿನ ಬಂಗಲೆಗಳಿಗೆ ವಿಶಾಲವಾದ ಕಾಂಪೌಂಡು. ನಡುವೆ ದೊರೆಯ ಬಂಗಲೆ. ಹಿಂದೆ, ಕಣ್ಣಿಗೆ ಬೀಳದ ಹಾಗೆ, ಅಡುಗೆಯವನಿಗೆ, ಕುದುರೆ ನೋಡಿಕೊಳ್ಳುವವನಿಗೆ, ಆಯಾಗೆ ಸಣ್ಣ ಸಣ್ಣ ಕೋಣೆಗಳು. ಇವು ಔಟ್‌ಹೌಸುಗಳು. ಒಂದೇ ಆವರಣದಲ್ಲಿ ಎರಡು ಸಂಸಾರ ಇರುವುದು, ಒಂದು ಮುಂದೆ, ಒಂದು ಹಿಂದೆ, ಎಂಬ ಏರ್ಪಾಡು ಅಲ್ಲಿ ಶುರುವಾದದ್ದು. ಮಾತಿನ ಜೊತೆಗೆ ಮೇಲು-ಕೀಳಿನ ವಾಸನೆಯೂ ಬಂತು ಅನ್ನಿ. ಅದು ಪೂರ್ತಿ ಹೋಗಲೇ ಇಲ್ಲ.

ಆಮೇಲೆ ಬಂತು ಪ್ಲೇಗು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟ ಮಹಾಮಾರಿ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನರನ್ನು ನುಂಗಿಹಾಕಿತು. ಮನೆಗಳಿಗೆ ಬೀಗ ಹಾಕಿಕೊಂಡು ಜನ ಊರ ಹೊರಗಿನ ಗುಡಿಸಲುಗಳಿಗೆ ಓಡಿದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಭಯದಿಂದ. ಹೊಸ ಬಡಾವಣೆಗಳ ನಕ್ಷೆಯಲ್ಲಿ ರೋಗಕ್ಕೆ ಔಷಧವೇ ಖಾಲಿ ಜಾಗ. ಮನೆಮನೆಯ ನಡುವೆ ಗಾಳಿ ಆಡಬೇಕು, ಬಿಸಿಲು ಬೀಳಬೇಕು, ಹಿಂದೆ ಹಿತ್ತಲಿರಬೇಕು. ಎರಡು ಸಾಲಿನ ಮನೆಗಳ ಬೆನ್ನಿಗೆ ಒಂದು ಕಿರಿದಾದ ಸಂದಿ ಬಿಟ್ಟರು, ಕನ್ಸರ್ವೆನ್ಸಿ ಲೇನು. ಮಲ್ಲೇಶ್ವರದವರು ನೀವಾಗಿದ್ದರೆ ಆ ಸಂದಿಗಳಲ್ಲಿ ಕ್ರಿಕೆಟ್ ಆಡಿರುತ್ತೀರಿ. ಆದರೆ ಅದನ್ನು ಬಿಟ್ಟದ್ದು ಕ್ರಿಕೆಟ್ಟಿಗಲ್ಲ. ಹಿತ್ತಲಿನ ಕೊನೆಯಲ್ಲಿ ಕಕ್ಕಸು, ಅದಕ್ಕೆ ಸಂದಿಯ ಕಡೆಗೊಂದು ಬಾಗಿಲು. ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟವರು ಮನೆಯ ಮುಂಬಾಗಿಲ ಕಡೆ ಸುಳಿಯದೆ, ಆ ಸಂದಿಯಿಂದ ಬಂದು ಆ ಸಂದಿಯಿಂದಲೇ ಹೋಗಬೇಕಿತ್ತು.

ಒಳಚರಂಡಿ ಒಂದೊಂದೇ ರಸ್ತೆಗೆ ಬಂತು. 1970ರ ದಶಕದ ಮೊದಲಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕಕ್ಕಸು ಮನೆಯೊಳಗೆ ಬಂತು, ಹಿತ್ತಲಿನ ಕೊನೆ ಖಾಲಿಯಾಯಿತು. ಸಂದಿಯ ಕಡೆಗೆ ಒಂದು ಬಾಗಿಲು ಹೇಗೂ ಇತ್ತು. ನೀರಿನ ಪೈಪು, ಚರಂಡಿ ಹತ್ತಿರದಲ್ಲೇ ಇದ್ದವು. ಮೂರು ಗೋಡೆ ಎಬ್ಬಿಸಿದರೆ ಒಂದು ಮನೆ. ಹೀಗೆ ಹಳೆಯ ಬಡಾವಣೆಗಳ ಎಷ್ಟೋ ಹಿತ್ತಲುಗಳಲ್ಲಿ, ಯಾರನ್ನು ಮನೆಯೊಳಗೆ ಬಿಡುತ್ತಿರಲಿಲ್ಲವೋ ಅವರು ಬರುತ್ತಿದ್ದ ಬಾಗಿಲೇ ಬಾಡಿಗೆದಾರರ ಹೆಬ್ಬಾಗಿಲಾಯಿತು. ಭಾವನ ಅಮೆರಿಕನ್ ನೆರೆಯವನು ನಕ್ಕದ್ದು ಗೊತ್ತಿಲ್ಲದೆಯೇ ಸರಿಯಾದ ಜಾಗಕ್ಕೆ ನಾಟಿತ್ತು ನೋಡಿ.

ಪ್ಲೇಗಿಗೆ ಹೆದರಿ ಗಾಳಿ ಬೆಳಕಿಗೆಂದು ಬಿಟ್ಟ ಜಾಗ ಅದು. ಅದನ್ನು ಮುಚ್ಚಲು ಇನ್ನೊಂದು ಹೆದರಿಕೆಯೇ ಬೇಕಾಯಿತು.

1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಬಂತು. 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಜನಗಣತಿಯ ಪ್ರಕಾರ 1941ರಲ್ಲಿ ಸುಮಾರು 4 ಲಕ್ಷ ಇದ್ದ ಊರು 1951ಕ್ಕೆ ಸುಮಾರು 7.8 ಲಕ್ಷ. 1956ರಲ್ಲಿ ಕನ್ನಡ ನಾಡು ಒಂದಾದಾಗ ಧಾರವಾಡದಿಂದ, ಮಂಗಳೂರಿನಿಂದ, ಕಲಬುರ್ಗಿಯಿಂದ ಸರ್ಕಾರಿ ನೌಕರರು ಹಾಸಿಗೆ ಸುತ್ತಿಕೊಂಡು ಬಂದರು. ಕಾರ್ಖಾನೆಗಳು ತಮ್ಮ ಟೌನ್‌ಶಿಪ್‌ಗಳಲ್ಲಿ ಒಂದಷ್ಟು ಮನೆ ಕಟ್ಟಿದವು. ಉಳಿದವರು ಎಲ್ಲಿರಬೇಕು?

ಮನೆ ಸಿಗದ ಊರಿನಲ್ಲಿ ಬಾಡಿಗೆ ಏರುತ್ತದೆ, ಸರ್ಕಾರ ಕಡಿವಾಣ ಹಾಕುತ್ತದೆ. 1951ರಲ್ಲಿ ಮೈಸೂರು ರಾಜ್ಯದಲ್ಲಿ ಬಾಡಿಗೆ ನಿಯಂತ್ರಣ ಕಾಯಿದೆ, 1961ರಲ್ಲಿ ಅದಕ್ಕಿಂತ ವಿಸ್ತಾರವಾದ ಇನ್ನೊಂದು. ಬಾಡಿಗೆದಾರನನ್ನು ಮನಸ್ಸಿಗೆ ಬಂದ ಹಾಗೆ ಎಬ್ಬಿಸುವಂತಿಲ್ಲ. ಕಾಯಿದೆಯಲ್ಲಿ ಹೇಳಿದ ಕಾರಣವಿರಬೇಕು, ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅಷ್ಟೇ ಅಲ್ಲ, ಮನೆ ಖಾಲಿಯಾದರೆ 15 ದಿನದೊಳಗೆ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಅವರು ಬೇಕೆಂದರೆ ಅದನ್ನು ಬೇರೆಯವರಿಗೆ ಹಂಚಬಹುದು. ಕಾಯಿದೆಯ ಉದ್ದೇಶ ಒಳ್ಳೆಯದೇ. ಬಡ ಗುಮಾಸ್ತನನ್ನು ಬೀದಿಗೆ ತಳ್ಳುವ ಮಾಲೀಕರೂ ಇದ್ದರು. ಆದರೆ ಅದರ ಇನ್ನೊಂದು ಪರಿಣಾಮ ಏನಾಯಿತೆಂದರೆ, ದುಡ್ಡಿದ್ದವರು ಬಾಡಿಗೆಗೆಂದು ದೊಡ್ಡ ಕಟ್ಟಡ ಕಟ್ಟಲು ಹಿಂದೆಗೆದರು. ಕೊಟ್ಟ ಮನೆ ವಾಪಸು ಬರುತ್ತದೋ ಇಲ್ಲವೋ ಎಂಬ ಭಯ. ಇಪ್ಪತ್ತು ವರ್ಷ ನಡೆದ ಬಾಡಿಗೆ ಮೊಕದ್ದಮೆಯ ಕಥೆ ಒಂದಾದರೂ ಕೇಳದ ಕುಟುಂಬ ಆ ಕಾಲದಲ್ಲಿರಲಿಲ್ಲ.

ನನ್ನ ಅಭಿಪ್ರಾಯ ಹೇಳುವುದಾದರೆ, ಔಟ್‌ಹೌಸಿನ ನಿಜವಾದ ತಾಯಿ ಈ ಭಯ. ದೂರದ ಬೀದಿಯಲ್ಲಿ ಮನೆ ಕಟ್ಟಿ ಅಪರಿಚಿತನಿಗೆ ಕೊಡುವುದಕ್ಕಿಂತ, ಕಣ್ಣೆದುರಿಗೇ, ನಮ್ಮ ಬಾವಿಯ ಪಕ್ಕದಲ್ಲೇ ಎರಡು ರೂಮು ಎಬ್ಬಿಸಿ, ಗೊತ್ತಿರುವವರ ಗೊತ್ತಿರುವವರಿಗೆ ಕೊಡುವುದು ವಾಸಿ. ದಿನಾ ಮುಖ ನೋಡುವ ಜನ. ನಮ್ಮ ನಲ್ಲಿಯ ನೀರು ಹಿಡಿಯುವ ಜನ. ಹೋಗಿ ಅಂದರೆ ಹೋಗುತ್ತಾರೆ. ಕಾಯಿದೆಯ ಬದಲು ದಾಕ್ಷಿಣ್ಯ. ನಗರದ ವಸತಿ ಸಮಸ್ಯೆಯನ್ನು ಯಾವ ಮಂಡಳಿಯೂ ಬಗೆಹರಿಸಲಾಗದೆ ಕುಳಿತಿದ್ದಾಗ ಲೆಕ್ಕವಿಲ್ಲದಷ್ಟು ಸಂಸಾರಗಳು ತಮ್ಮ ತಮ್ಮ ಹಿತ್ತಲಲ್ಲಿ ಅದಕ್ಕೊಂದು ಪರಿಹಾರ ಕಂಡುಕೊಂಡವು. ಯಾರೂ ಯೋಜನೆ ಹಾಕಲಿಲ್ಲ, ಯಾರೂ ಉದ್ಘಾಟನೆ ಮಾಡಲಿಲ್ಲ. ಷರತ್ತಿನ ಕಾಗದ ಟ್ರಂಕಿನಲ್ಲೇ ಇತ್ತು.

ಈ ದಾಕ್ಷಿಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು. 'ಗೊತ್ತಿರುವವರು' ಅಂದರೆ ಯಾರು? ಟು ಲೆಟ್ ಬೋರ್ಡು ನೋಡಿ ಬಂದವರನ್ನು ಕೇಳುತ್ತಿದ್ದ ಮೊದಲನೆ ಪ್ರಶ್ನೆ ಊರು, ಎರಡನೆಯದು 'ನೀವು ಯಾವ ಜನ?'. ಆ ಉತ್ತರದ ಮೇಲೆ ಬಾಡಿಗೆ ಎಷ್ಟೆಂದು ಹೇಳುವುದೋ, 'ನಿನ್ನೆ ತಾನೆ ಅಡ್ವಾನ್ಸ್ ಬಂತು' ಅನ್ನುವುದೋ ತೀರ್ಮಾನವಾಗುತ್ತಿತ್ತು. ನಮ್ಮ ಮನೆಯಲ್ಲೂ ಹಾಗೇ ಆಗಿದೆ. ಅಪ್ಪ ಬಾಗಿಲಲ್ಲಿ ನಿಂತು ಹಾಗೆ ಸುಳ್ಳು ಹೇಳಿದ್ದನ್ನು ನಾನು ಕಿಟಕಿಯಿಂದ ಕೇಳಿದ್ದೇನೆ. ಬಸ್ ಟಿಕೆಟ್ಟಿಗೆ ಮೋಸ ಮಾಡದ ಅಪ್ಪ. ಮಂಡಳಿ ಕಟ್ಟಿದ ಮನೆಯಾಗಿದ್ದರೆ ಅರ್ಜಿ ಹಾಕುವ ಹಕ್ಕಾದರೂ ಇರುತ್ತಿತ್ತು. ಹಿತ್ತಲ ಮನೆಯಲ್ಲಿ ಆ ಹಕ್ಕು ಇರಲಿಲ್ಲ.

ನಮ್ಮ ಔಟ್‌ಹೌಸ್ ಕಟ್ಟಿದ್ದು ಹೇಗೆಂದು ಹೇಳಿಬಿಡುತ್ತೇನೆ. ನಿಮ್ಮ ಮನೆಯದೂ ಹೆಚ್ಚುಕಮ್ಮಿ ಇದೇ ಇರುತ್ತದೆ. 1971ರಲ್ಲಿ ಹದಿನಾರೂವರೆ ಲಕ್ಷ ಇದ್ದ ಬೆಂಗಳೂರು 1981ಕ್ಕೆ 29 ಲಕ್ಷ ದಾಟಿತು. ಆ ಹತ್ತು ವರ್ಷದಲ್ಲಿ ನಮ್ಮ ರಸ್ತೆಯ ಹಿತ್ತಲುಗಳು ತುಂಬಿದವು. ಕಾವೇರಿ ನೀರು 1974ರಲ್ಲಿ ಬೆಂಗಳೂರಿಗೆ ಬಂದದ್ದೂ ಒಂದು ಕಾರಣವೇ. ನೀರಿಲ್ಲದೆ ಎರಡನೆ ಸಂಸಾರವನ್ನು ಯಾರು ಕರೆದುಕೊಳ್ಳುತ್ತಾರೆ? ಅಪ್ಪನಿಗೆ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಕೆಲಸ. 1980ರಲ್ಲಿ ಅಕ್ಕನ ಮದುವೆ. ಮದುವೆಗೆ ಮಾಡಿದ ಸಾಲ ತೀರಬೇಕಾದರೆ ತಿಂಗಳು ತಿಂಗಳು ಸಂಬಳದ ಜೊತೆ ಇನ್ನೇನಾದರೂ ಬರಬೇಕು. ಪ್ರಾವಿಡೆಂಟ್ ಫಂಡಿನಿಂದ ಇನ್ನಷ್ಟು ತೆಗೆದರು. ಸಾಲ ತೀರಿಸಲು ಸಾಲ. ನನಗಾಗ ಅದರ ಲೆಕ್ಕ ಅರ್ಥವಾಗಿರಲಿಲ್ಲ.

ಇಂಜಿನಿಯರ್ ಇಲ್ಲ, ನಕ್ಷೆ ಇಲ್ಲ. ಮನೆ ಕಟ್ಟಿದ್ದ ಮೇಸ್ತ್ರಿಯನ್ನೇ ಕರೆಸಿದರು. ಆತ ಹಿತ್ತಲಿನ ಮೂಲೆಯಲ್ಲಿ ನಿಂತು, ಹೆಜ್ಜೆಯಲ್ಲಿ ಅಳೆದು, ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದ. ಹಿಂದಿನ ಕಾಂಪೌಂಡ್ ಗೋಡೆಯನ್ನೇ ಎತ್ತರಿಸಿದರೆ ಒಂದು ಗೋಡೆಯ ಖರ್ಚು ಉಳಿಯಿತು. ಬಾಗಿಲು ಕಿಟಕಿಗಳು ಚಾಮರಾಜಪೇಟೆಯಲ್ಲಿ ಕೆಡವಿದ್ದ ಒಂದು ಮನೆಯವು. ಮೇಲೆ ಹೆಂಚು ಹಾಕುವುದೋ ಆರ್.ಸಿ.ಸಿ. ಹಾಕುವುದೋ ಅಂತ ಒಂದು ವಾರ ಚರ್ಚೆ ನಡೆಯಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಉದ್ಯಮ ನೂರು ವರ್ಷ ಕಳೆದ ಮೇಲೂ ನಮ್ಮಂಥವರ ಜೇಬಿಗೆ ನಿಲುಕುತ್ತಿತ್ತು. ಹೆಂಚಿಗೆ ಇನ್ನೊಂದು ಅನುಕೂಲ: ಯಾರಾದರೂ ಬಂದು ಕೇಳಿದರೆ 'ಇದು ಶೆಡ್ಡು ಸ್ವಾಮಿ, ಸೌದೆ ಇಡೋಕೆ' ಅನ್ನಬಹುದು. ಅಮ್ಮ ಹೀಗೆಂದಾಗ ಅಪ್ಪ ನಗಲಿಲ್ಲ. ಆದರೆ ಹೆಂಚೇ ಹಾಕಿಸಿದರು.

ಮೊದಲು ಬಂದದ್ದು ಧಾರವಾಡದ ಕಡೆಯ ಬ್ಯಾಂಕ್ ಗುಮಾಸ್ತರು, ಹೊಸದಾಗಿ ಮದುವೆಯಾಗಿದ್ದರು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು. ಹನ್ನೊಂದೇ ಯಾಕೆ ಅಂತೀರಾ? ಒಂದು ವರ್ಷ ಮೀರಿದ ಗೇಣಿ ಪತ್ರವನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ರಿಜಿಸ್ಟರ್ ಆದರೆ ಇಲ್ಲದ ಮನೆ ಕಾಗದದ ಮೇಲೆ ಬಂದುಬಿಡುತ್ತದೆ. ಕರೆಂಟಿಗೆ ಒಂದೇ ಮೀಟರು. ಹಿಂದಿನ ಮನೆಗೆ ಒಂದು ಸಬ್ ಮೀಟರು ಕೂರಿಸಿ, ತಿಂಗಳಿಗೊಮ್ಮೆ ಅಪ್ಪ ಟಾರ್ಚ್ ಹಿಡಿದು ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಕಾಗದ-ಪತ್ರ ಬಂದರೆ ವಿಳಾಸದಲ್ಲಿ ನಮ್ಮ ಮನೆ ನಂಬರು, ಪಕ್ಕದಲ್ಲಿ 'ಔಟ್‌ಹೌಸ್' ಅಂತ. ಅಂಚೆಯವರಿಗೆ ಮಾತ್ರ ಆ ಮನೆ ಇದೆ ಎಂದು ಗೊತ್ತಿತ್ತು.

ಇದು ಬೆಂಗಳೂರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ದೆಹಲಿಯ ಕೇಳುಗರಿಗೆ ಬರಸಾತಿ ಗೊತ್ತಿರಬೇಕು. ಎರಡು ಅಂತಸ್ತಿನ ಮೇಲೆ, ಬಯಲು ತಾರಸಿಯ ಒಂದು ಭಾಗದಲ್ಲಿ ಮಾತ್ರ ಕಟ್ಟಬಹುದಾಗಿದ್ದ ಕೋಣೆ. ಮಳೆ ಬಂದರೆ ತಾರಸಿಯಲ್ಲಿ ಮಲಗಿದವರು ಓಡಿಹೋಗಿ ಸೇರಲು ಇದ್ದದ್ದು, ಹಾಗಾಗಿ ಬರಸಾತಿ. ಅದರಲ್ಲಿ ಬಾಡಿಗೆಗೆ ಇದ್ದು ವಿದ್ಯಾರ್ಥಿಗಳು, ಪತ್ರಕರ್ತರು, ಚಿತ್ರಕಾರರು ಬೇಸಿಗೆಯಲ್ಲಿ ಬೆಂದು ಚಳಿಯಲ್ಲಿ ನಡುಗಿದರು. 1981ರ 'ಚಶ್ಮೆ ಬದ್ದೂರ್' ಚಿತ್ರದ ಆ ಮೂವರು ಹುಡುಗರನ್ನು ನೆನಪಿಸಿಕೊಳ್ಳಿ. ಮುಂದೆ ಪೂರ್ತಿ ಮೂರನೆ ಅಂತಸ್ತು ಕಟ್ಟಲು ನಿಯಮ ಒಪ್ಪಿದ ಮೇಲೆ ಬರಸಾತಿಗಳು ಒಂದೊಂದಾಗಿ ಮಾಯವಾದವು. ಚೆನ್ನೈನಲ್ಲಿ ಒಂದೇ ಮನೆಯನ್ನು ಸೀಳಿ 'ಪೋರ್ಷನ್' ಮಾಡಿದರು. ಹೈದರಾಬಾದಿನಲ್ಲಂತೂ ತಾರಸಿಯ ಮೇಲಿನ ಬ್ಯಾಚಲರ್ ರೂಮಿಗೆ 'ಪೆಂಟ್‌ಹೌಸ್' ಅನ್ನುತ್ತಾರೆ; ನ್ಯೂಯಾರ್ಕಿನ ಕೋಟ್ಯಧೀಶರು ಕೇಳಿದರೆ ಭಾವನ ನೆರೆಯವನಿಗಿಂತ ಜೋರಾಗಿ ನಕ್ಕಾರು. ಮುಂಬಯಿಯ ನಮಗೆ ಹಿತ್ತಲೂ ಇಲ್ಲ, ತಾರಸಿಯೂ ನಮ್ಮದಲ್ಲ. ಹೀಗಾಗಿ ನಾವು ಪೇಯಿಂಗ್ ಗೆಸ್ಟನ್ನು ಹಾಲಿನಲ್ಲೇ ಮಲಗಿಸಿದೆವು.

ಬೆಂಗಳೂರಿಗೆ ವಾಪಸು ಬರೋಣ. 1999ರಲ್ಲಿ ಹೊಸ ಬಾಡಿಗೆ ಕಾಯಿದೆ ಆಯಿತು, 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ ಎಂದಿತು. ಹಳೆಯ ಭಯ ಹೋಯಿತು. ಅದೇ ಹೊತ್ತಿಗೆ ಐಟಿ ಹುಡುಗರು ಬಂದರು. ಹೆಂಚಿನ ಔಟ್‌ಹೌಸಿಗೆ ಕೈಮುಗಿದು, ಇಡೀ ಮನೆಯನ್ನೇ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುವ ಕಾಲ ಬಂತು. 30-40ರ ನಿವೇಶನದಲ್ಲಿ ಆರು ಮನೆ, ಎಂಟು ಮನೆ. ಹಿತ್ತಲಲ್ಲಿ ಅಂಜುತ್ತಾ ನಿಂತಿದ್ದ ಎರಡನೆ ಮನೆ ಈಗ ಮುಂದಿನ ಮನೆಯ ತಲೆಯ ಮೇಲೆ ಹತ್ತಿತು.

ಕಾಗದ ಮಾತ್ರ ಬೆನ್ನು ಬಿಡಲಿಲ್ಲ. 2008ರಲ್ಲಿ ಪಾಲಿಕೆ ಆಸ್ತಿ ತೆರಿಗೆಯ ಲೆಕ್ಕ ಬದಲಾಯಿಸಿದಾಗ ವಾಸದ ಮನೆ ಬಾಡಿಗೆಗೆ ಕೊಟ್ಟಿದ್ದರೆ ಸ್ವಂತ ವಾಸದ ದರದ ಇಮ್ಮಡಿ ಎಂದಾಯಿತು. ಎಷ್ಟೋ ಮನೆಗಳಲ್ಲಿ ಹಿಂದಿನ ಮನೆಯವರು ರಾತ್ರೋರಾತ್ರಿ 'ನಮ್ಮ ಸಂಬಂಧಿಕರು' ಆದರು. 2014ರಲ್ಲಿ ಅಕ್ರಮ-ಸಕ್ರಮದ ನಿಯಮ ಬಂತು. ದಂಡ ಕಟ್ಟಿದರೆ, ಬಿಡಬೇಕಾದ ಖಾಲಿ ಜಾಗದಲ್ಲಿ ಅರ್ಧದವರೆಗೆ ಒತ್ತಿ ಕಟ್ಟಿದ್ದನ್ನು ಒಪ್ಪಿಕೊಳ್ಳುವ ಯೋಜನೆ. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನಮ್ಮದು ಅರ್ಧವಲ್ಲ, ಹಿಂದಿನ ಗೋಡೆಗೇ ಅಂಟಿಕೊಂಡಿದೆ. ಆ ಯೋಜನೆ ಇದ್ದಿದ್ದರೂ ನಮಗೆ ದಕ್ಕುತ್ತಿರಲಿಲ್ಲ.

ಈಗ ನಮ್ಮ ಮನೆಯ ಮುಂದಿರುವ ಪ್ರಶ್ನೆಗೆ ಬರುತ್ತೇನೆ. ಅಮ್ಮನಿಗೆ 84. ಮುಂದಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಹಿಂದೆ 2004ರಿಂದ ಒಬ್ಬ ಹೆಣ್ಣುಮಗಳು ಮಗನ ಜೊತೆ ಇದ್ದಾರೆ. ನಾಲ್ಕು ಮನೆಗಳಲ್ಲಿ ಅಡುಗೆ ಕೆಲಸ. ಅಪ್ಪ 'ಯಾವ ಜನ' ಅಂತ ಕೇಳದೆ ಮನೆ ಕೊಟ್ಟದ್ದು ಇವರೊಬ್ಬರಿಗೇ. ವಯಸ್ಸು ಮೆತ್ತಗೆ ಮಾಡಿತ್ತೋ ಏನೋ, ನಾನು ಕೇಳಲಿಲ್ಲ. ಮೂರು ವರ್ಷದ ಹಿಂದೆ ಅಮ್ಮ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದಾಗ ಸದ್ದು ಕೇಳಿ ಓಡಿಬಂದು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದು ಆಕೆ. ನಾನು ಮುಂಬಯಿಯಿಂದ ತಲುಪುವ ಹೊತ್ತಿಗೆ ಪ್ಲಾಸ್ಟರ್ ಹಾಕಿ ಆಗಿತ್ತು. ನಿಮ್ಮಲ್ಲೂ ಕೆಲವರ ಅಪ್ಪ-ಅಮ್ಮ ಹೀಗೆ ಹಿಂದಿನ ಮನೆಯವರ ಧೈರ್ಯದ ಮೇಲೆ ಊರಿನಲ್ಲಿ ಒಂಟಿಯಾಗಿ ಇದ್ದಾರೆ ಎಂದು ನನಗೆ ಗೊತ್ತು.

2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್‌ವರೆಗೆ ಬಿಲ್ ಇಲ್ಲ, ಬಾಡಿಗೆಯವರಿಗೂ ಉಂಟು. ಆದರೆ ಲೆಕ್ಕ ಹಿಡಿಯುವುದು ಮೀಟರಿನ ಆರ್‌ಆರ್ ನಂಬರಿನಿಂದ. ನಮ್ಮ ಎರಡು ಮನೆಗೆ ಸೇರಿ ನಂಬರು ಒಂದೇ. ಬೇಸಿಗೆಯಲ್ಲಿ ಎರಡೂ ಮನೆಯ ಫ್ಯಾನು ತಿರುಗಿದರೆ 200 ದಾಟುತ್ತದೆ, ಪೂರ್ತಿ ಬಿಲ್ ಬರುತ್ತದೆ. "ನಮಗೊಂದು ಬೇರೆ ಮೀಟರ್ ಹಾಕಿಸಿಕೊಡಿ ಅಣ್ಣಾ," ಅಂದರು ಆಕೆ. ನ್ಯಾಯವಾದ ಮಾತು. ಕಚೇರಿಗೆ ಹೋಗಿ ವಿಚಾರಿಸಿದರೆ, ಯಾವ ಮನೆಗೆ ಮೀಟರು? ಆ ಮನೆಯ ನಕ್ಷೆ ಎಲ್ಲಿ? ಅಷ್ಟರಲ್ಲಿ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸ್ವಾಧೀನ ಪತ್ರವಿಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಹೊಸ ಸಂಪರ್ಕ ಕೊಡಬಾರದು ಅಂದಿತು. ಬೆಂಗಳೂರಿನಲ್ಲಿ ಗದ್ದಲವೆದ್ದು, 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 1,200 ಚದರಡಿಯವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟಿತು. ನಮ್ಮದು 2,400. ದೊಡ್ಡ ನಿವೇಶನದ ಹಿತ್ತಲಲ್ಲಿರುವ ಅತಿ ಸಣ್ಣ ಮನೆ ಯಾವ ಲೆಕ್ಕಕ್ಕೂ ಸಿಗದೆ ಉಳಿಯಿತು.

ಅಕ್ಕ ಹೇಳುತ್ತಾಳೆ, ಬಿಲ್ಡರ್‌ಗೆ ಕೊಟ್ಟುಬಿಡೋಣ, ಎಲ್ಲಾ ಕಾನೂನು ಪ್ರಕಾರ ಆಗುತ್ತೆ. ಆಗುತ್ತದೆ, ನಿಜ. ಅಮ್ಮನಿಗೆ ಲಿಫ್ಟಿರುವ ಫ್ಲ್ಯಾಟು ಸಿಗುತ್ತದೆ. ಹಿಂದಿನ ಮನೆಯವರಿಗೆ ಆ ಕಟ್ಟಡದಲ್ಲಿ ಜಾಗವಿರುವುದಿಲ್ಲ. ಅಮ್ಮನನ್ನು ಕೇಳಿದೆ. "ಅವರು ಎಲ್ಲಿರ್ತಾರೋ ಅದು ಹೇಳು ಮೊದಲು, ಆಮೇಲೆ ನಾನು ಎಲ್ಲಿರಬೇಕು ಅಂತ ಹೇಳ್ತೀನಿ," ಅಂದಳು. ನನ್ನ ಹತ್ತಿರ ಉತ್ತರ ಇಲ್ಲ. ಸದ್ಯಕ್ಕೆ ಬಿಲ್ಲನ್ನು ನಾನೇ ಕಟ್ಟುತ್ತಿದ್ದೇನೆ, ಸಬ್ ಮೀಟರ್ ಓದುವುದನ್ನು ನಿಲ್ಲಿಸಿದ್ದೇವೆ.

ಅಪ್ಪನ ಆ ನೋಟ್‌ಬುಕ್ಕು ಈಗ ನನ್ನ ಬಳಿ ಇದೆ. 1981ರಿಂದ ತಿಂಗಳು ತಿಂಗಳಿನ ಯೂನಿಟ್ಟು, ಬಾಡಿಗೆ, ಬಂದವರ ಹೆಸರು, ಹೋದವರ ತಾರೀಖು. ನಡುನಡುವೆ 'ಮಗು ಹುಟ್ಟಿದೆ, ಈ ತಿಂಗಳು ಬಾಡಿಗೆ ಬೇಡ ಅಂದೆ' ಎಂಬಂಥ ಸಾಲುಗಳು. ನಕ್ಷೆಯಲ್ಲಿಲ್ಲದ, ನೋಂದಣಿಯಾಗದ ಮನೆಗೆ ಇದಕ್ಕಿಂತ ಬೇರೆ ದಾಖಲೆ ಇಲ್ಲ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಪುಸ್ತಕ, ಹಳೆಯ ಬಾಡಿಗೆ ಚೀಟಿ, 'ಔಟ್‌ಹೌಸ್' ಎಂದು ವಿಳಾಸ ಬರೆದ ಒಂದು ಇನ್‌ಲ್ಯಾಂಡ್ ಲೆಟರು ಇರಬಹುದು. ಊರಿಗೆ ಹೋದಾಗ ಹುಡುಕಿ, ರದ್ದಿಗೆ ಹಾಕಬೇಡಿ. ಮುಂದಿನ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಒಂದು ಪೂರ್ತಿ ಗಂಟೆ ಹಿಂದಿನ ಮನೆಯವರಿಗೇ ಮೀಸಲು. ಮುಂದಿನ ಮನೆಯಲ್ಲಿದ್ದವರೂ ಫೋನ್ ಮಾಡಬಹುದು. ಆದರೆ ಮೊದಲ ಅರ್ಧ ಗಂಟೆ ಹಿಂದೆ ಇದ್ದವರದು.